ರಂಗಕ್ಕ ಚಪ್ಪಲಿ ಬಿಟ್ಟ ವಾರ

ಊಟಕ್ಕೆ ಸಾಲಾಗಿ ಕೂತ ಮಕ್ಕಳಿಗೆ ಬಗ್ಗಿ ಬಡಿಸುವವರಿಗೆ ಮುಖಕ್ಕಿಂತ ಮೊದಲು ಕಾಣುವುದು ಕಾಲು. ಹದಿನೆಂಟು ವರ್ಷ ಹಾಗೆ ಬಗ್ಗಿ ಬಗ್ಗಿ ಬಡಿಸಿದ ರಂಗಕ್ಕನಿಗೆ ಶಾಲೆಯ ಮಕ್ಕಳೆಲ್ಲ ಕಾಲಿನಿಂದಲೇ ಗುರುತು. ಯಾರ ಹಿಮ್ಮಡಿ ಒಡೆದಿದೆ, ಯಾರ ಉಗುರು ಕಿತ್ತಿದೆ, ಯಾರಿಗೆ ಅಣ್ಣನ ಶೂ ಇಳಿದು ಬಂದಿದೆ, ಎಲ್ಲ ಅವಳಿಗೆ ಗೊತ್ತು. "ಏ ಚಿರಂಜೀವಿ, ಮುಳ್ಳು ಒಳಗೇ ಐತಲ್ಲೋ! ಉಂಡು ಬಾ ಇಲ್ಲಿ, ತೆಗೀತೀನಿ" ಎಂದು ಸಾರಿನ ಸೌಟು ಹಿಡಿದುಕೊಂಡೇ ಕೂಗುವಳು. ಊಟವಾದ ಮೇಲೆ ಸೆರಗಿನ ಪಿನ್ನು ಬಿಚ್ಚಿ ಮುಳ್ಳು ತೆಗೆದು, ಆ ಜಾಗಕ್ಕೆ ಬೆಚ್ಚಗಿನ ಎಣ್ಣೆ ಒತ್ತಿ, ಬೆನ್ನಿಗೊಂದು ಗುದ್ದಿ ಕಳಿಸುವಳು.

ಅವಳು ಹುಟ್ಟಿದ್ದು ಚಳ್ಳಕೆರೆ ಪಕ್ಕದ ನನ್ನಿವಾಳದಲ್ಲಿ. ಹದಿನೇಳಕ್ಕೆ ಮದುವೆಯಾಗಿ ದೇವಸಮುದ್ರದ ಕಡೆಯ ಈ ಊರಿಗೆ ಬಂದಾಗ ಅರ್ಧ ಊರು ತೆಲುಗು ಆಡುವುದು ಕೇಳಿ ಗಾಬರಿಯಾಗಿತ್ತಂತೆ. "ಬಂದು ವಾರ ಆಗಿಲ್ಲ, ನಮ್ಮತ್ತೆ ಪಾಲು ತೇ ಅಂದ್ರು. ಅಯ್ಯೋ ದೇವ್ರೇ, ಇಷ್ಟು ಬೇಗ ಪಾಲು ಕೇಳ್ತಾರಲ್ಲಪ್ಪ ಅಂತ ಕೂತು ಅತ್ತುಬಿಟ್ಟೆ. ಅವ್ರು ಕೇಳಿದ್ದು ಹಾಲು!" ಈ ಕಥೆಯನ್ನು ಅವಳು ಪ್ರತಿ ವರ್ಷ ಹೊಸದಾಗಿ ಬರುವ ಶಿಕ್ಷಕರಿಗೆಲ್ಲ ಹೇಳುತ್ತಾಳೆ, ಪ್ರತಿ ಸಲವೂ ತಾನೇ ಮೊದಲು ನಗುತ್ತಾಳೆ.

ಗಂಡ ಯರ್ರಪ್ಪ ಕುರಿ ಕಾಯುವವನು. ಶಿವರಾತ್ರಿ ಹತ್ತಿರವಾದಂತೆ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ಮಳೆ ಬಿದ್ದ ಮೇಲೇ ಮನೆ. ಒಬ್ಬನೇ ಮಗ ಮಾರುತೇಶ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ನಾಲ್ಕು ವರ್ಷದ ಹಿಂದೆ ರಂಗಕ್ಕನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಅವನೇ ಎರಡು ಜೊತೆ ಮೆತ್ತನೆಯ ನೀಲಿ ಚಪ್ಪಲಿ ತಂದುಕೊಟ್ಟ. ಒಂದು ಹೊರಗಡೆಗೆ, ಇನ್ನೊಂದು ಶಾಲೆಯ ಅಡುಗೆಮನೆ ಒಳಗೆ. ಒಲೆಯ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲಲು ಅವಳಿಗೆ ಮನಸ್ಸೇ ಒಪ್ಪಿರಲಿಲ್ಲ. "ಡಾಕ್ಟ್ರು ಏನಂದ್ರು ಕೇಳಿಸ್ಕೊಂಡ್ಯೇನವ್ವ? ಅಂಗಳಕ್ಕೂ ಬರಿಗಾಲಲ್ಲಿ ಇಳೀಬ್ಯಾಡ ಅಂದವ್ರೆ. ಕಾಲಿಗೆ ಗಾಯ ಆದ್ರೆ ನಿಂಗೆ ತಿಳಿಯದೂ ಇಲ್ಲ, ಮಾಯದೂ ಇಲ್ಲ" ಎಂದು ಮಗ ಗದರಿದ ಮೇಲೆ ಒಪ್ಪಿಕೊಂಡಳು. ಒಳಗಿನ ಜೊತೆಯನ್ನು ದಿನಾ ಸೋಪು ಹಾಕಿ ತೊಳೆಯುತ್ತಿದ್ದಳು.

ಅವಳ ಒಲೆಯ ಪಕ್ಕದಲ್ಲಿ, ಮಡಚಿದ ಗೋಣಿಚೀಲದ ಮೇಲೆ ದಿನವಿಡೀ ಕೂರುತ್ತಿದ್ದದ್ದು ಪುಟ್ಟಿ. ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ ಪ್ರೇಮಲತಾಳ ಮಗಳು, ಮೂರೂವರೆ ವರ್ಷ. ಮೊಳಕಾಲ್ಮುರಿನಿಂದ ಬೆಳಗಿನ ಬಸ್ಸಿಗೆ ಬರುವ ಪ್ರೇಮಲತಾಗೆ ಮಗುವನ್ನು ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲ ದಿನ ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ತರಗತಿಗೆ ಹೊರಟದ್ದನ್ನು ನೋಡಿ ರಂಗಕ್ಕ ಕೈ ಚಾಚಿದ್ದಳು. "ಇಲ್ಲಿ ಕೊಡವ್ವ. ಇನ್ನೂರು ಮಕ್ಳಿಗೆ ಮಾಡಾಕ್ತೀನಿ, ಇದೊಂದು ನಂಗೆ ಭಾರ ಆಗ್ತೈತಾ?" ಎಂಟು ತಿಂಗಳಿಂದ ಮಗು ಅವಳ ಪಾಲಿನದೇ ಆಗಿತ್ತು. ಹಾಲಿನ ಕೆನೆ ಅದಕ್ಕೆ, ಕ್ಯಾರೆಟ್ಟಿನ ತುದಿ ಅದಕ್ಕೆ.

ಪುಟ್ಟಿ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿತ್ತು, ನಗುತ್ತಿತ್ತು, ಹೇಳಿದ್ದನ್ನೆಲ್ಲ ಮಾಡುತ್ತಿತ್ತು. ಮಾತು ಮಾತ್ರ ಒಂದೂ ಇಲ್ಲ. ಡಾಕ್ಟರು ಕಿವಿ ಚೆನ್ನಾಗಿದೆ, ಕಾಯಿರಿ ಎಂದಿದ್ದರು. ಪ್ರೇಮಲತಾ ಕಾಯುತ್ತಿದ್ದಳು. ರಂಗಕ್ಕನೂ ಕಾಯುತ್ತಿದ್ದಳು, ಯಾಕೆಂದರೆ ಇಂಥ ಕಾಯುವಿಕೆ ಅವಳಿಗೆ ಹೊಸದಲ್ಲ. ಮಾರುತೇಶ ನಾಲ್ಕೂವರೆ ವರ್ಷದವರೆಗೆ ತುಟಿ ಬಿಚ್ಚಿರಲಿಲ್ಲ. ಆಗ ಅವಳು ಹಳ್ಳದ ದಂಡೆಯ ಅಮ್ಮನಿಗೆ ಹರಕೆ ಹೊತ್ತು ದೀಪಾವಳಿಯಿಂದ ಯುಗಾದಿವರೆಗೆ ಬರಿಗಾಲಲ್ಲಿ ನಡೆದಿದ್ದಳು. ಮೂರನೇ ದಿನಕ್ಕೆ ಯರ್ರಪ್ಪನೂ ತನ್ನ ಎಕ್ಕಡ ಬಿಚ್ಚಿ ಅಟ್ಟಕ್ಕೆ ಎಸೆದ. "ನೀನೊಬ್ಳೇ ಯಾಕೆ ಹೊರ್ತೀಯ? ಮಗ ನಂದೂ ಅಲ್ವಾ?" ಆ ವರ್ಷ ಆಂಧ್ರಕ್ಕೆ ಹೋಗದೆ, ಬ್ರಹ್ಮಗಿರಿಯ ಕಾದ ಬಂಡೆಗಳ ಮೇಲೆ ಕುರಿಯ ಹಿಂದೆ ಅವನೂ ಆ ಚಳಿಗಾಲ, ಬೇಸಿಗೆ ಎರಡನ್ನೂ ಬರಿಗಾಲಲ್ಲಿ ಕಳೆದ. ಯುಗಾದಿಯ ಹಿಂದಿನ ದಿನ, ಹಾಯಲು ಬಂದ ಟಗರನ್ನು ನೋಡಿ ಹುಡುಗ ತನ್ನ ಮೊದಲ ಮಾತು ಆಡಿದ: "ಥೂ ನನ್ಮಗ್ನೆ!" ಮನೆಯವರೆಲ್ಲ ನಕ್ಕರು, ಅತ್ತರು, ಟಗರಿಗೆ ಬೆಲ್ಲ ತಿನ್ನಿಸಿದರು.

ಹರಕೆಯ ವಿಷಯದಲ್ಲಿ ರಂಗಕ್ಕನಿಗೆ ಅತ್ತೆ ಕಲಿಸಿದ್ದು ಒಂದೇ ಮಾತು. ಅದನ್ನು ಬಾಯಿಬಿಟ್ಟು ಹೇಳಬಾರದು. ಯಾರಾದರೂ ಕೇಳಿದರೆ ಹೌದೆಂದು ತಲೆಯಾಡಿಸಬೇಕು, ಅಷ್ಟೇ. ಹಾಗೆ ತಲೆಯಾಡಿಸಿದರೆ ಅಮ್ಮನ ಮುಂದೆ ನಿಂತು ಆಣೆ ಮಾಡಿದಷ್ಟೇ ತೂಕ.

ಇನ್ನು ಆ ವಾರದ ಸಂಗತಿ. ರಂಗಕ್ಕನಿಗೆ ಆಗ ಗೊತ್ತಿಲ್ಲದಿದ್ದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಫೆಬ್ರವರಿಯ ಒಂದು ಶುಕ್ರವಾರ ಒಂಬತ್ತನೇ ತರಗತಿಯಲ್ಲಿ ರೂಢಿ, ಸಂಪ್ರದಾಯಗಳ ಪಾಠ ನಡೆಯುತ್ತಿದ್ದಾಗ ಮಂಜಮ್ಮ ಎಂಬ ಹುಡುಗಿ ಎದ್ದು ನಿಂತು, "ಮೇಡಂ, ನಾವು ಎರಡು ಜಡೆ ಮಡಚಿ ಕಟ್ಕೊಂಡೇ ಯಾಕೆ ಬರ್ಬೇಕು? ಒಂದು ಜಡೆ ಹಾಕಿದ್ರೆ ಪಾಠ ತಲೆಗೆ ಹತ್ತಲ್ವಾ?" ಎಂದು ಕೇಳಿದ್ದಳು. ತರಗತಿಯೆಲ್ಲ ನಕ್ಕಿತು. ಪ್ರೇಮಲತಾ ಮಾತ್ರ ನಗದೆ, "ಪರೀಕ್ಷೆ ಮಾಡೋಣ" ಎಂದಳು. ಸೋಮವಾರದಿಂದ ಶನಿವಾರದವರೆಗೆ ಬೇಕೆಂದವರು ತಮ್ಮ ದಿನನಿತ್ಯದ ವೇಷದಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವುದು. ಯಾಕೆಂದು ಯಾರಿಗೂ ಹೇಳುವಂತಿಲ್ಲ. ಯಾರು ನಕ್ಕರು, ಯಾರು ಬೈದರು, ಯಾರು ನೋಡಿ ತಾವೂ ಹಾಗೇ ಮಾಡಿದರು ಎಂಬುದನ್ನು ದಿನಾ ಪುಸ್ತಕದಲ್ಲಿ ಬರೆಯುವುದು. ಮುಖ್ಯ ಶಿಕ್ಷಕ ಮುರುಗೇಂದ್ರಪ್ಪನವರು, "ಶಿಸ್ತು ಕೆಡದಂಗೆ ಮಾಡ್ರಮ್ಮ" ಎಂದು ಒಪ್ಪಿದರು. "ಮೇಡಂ, ನೀವು?" ಎಂದು ಮಕ್ಕಳು ಕೇಳಿದಾಗ ಪ್ರೇಮಲತಾ ಸ್ವಲ್ಪ ಯೋಚಿಸಿ, "ನಾನು ಚಪ್ಪಲಿ ಇಲ್ಲದೆ ಬರ್ತೀನಿ" ಎಂದಳು.

ಸೋಮವಾರ ಬೆಳಿಗ್ಗೆ ಹಾಲು ಕುಡಿಯುವ ಸಾಲಿನಲ್ಲಿ ಮಂಜಮ್ಮ ಒಂದೇ ಜಡೆಯಲ್ಲಿ ನಿಂತಿದ್ದಳು. ಚಿರಂಜೀವಿ ತಲೆಗೆ ಎಣ್ಣೆ ಬಳಿದು, ನಡುಬೈತಲೆ ತೆಗೆದು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಬಂದಿದ್ದ.

"ಏನೋ ಇದು?" ಎಂದರು ದೈಹಿಕ ಶಿಕ್ಷಕ ಮುರುಗೇಶ್. "ಹೆಣ್ಣು ತೋರ್ಸೋ ದಳ್ಳಾಳಿ ಆದಂಗಾಗಿದೀಯಲ್ಲೋ!"

"ಹಂಗೇ ಸುಮ್ನೆ ಸಾ."

"ಸುಮ್ನೆ ಅಂತೆ. ನಿಂತ್ಕೋ ಬಿಸ್ಲಲ್ಲಿ, ಎಣ್ಣೆ ಇಳೀಲಿ."

ರಂಗಕ್ಕ ಹಾಲು ಸುರಿಯುತ್ತಾ ನಕ್ಕಳು. ಹುಡುಗಾಟ, ವಾರಕ್ಕೊಂದು ಹೊಸ ಹುಚ್ಚು. ಅಷ್ಟರಲ್ಲಿ ಗೇಟಿನ ಕಡೆಯಿಂದ ಪುಟ್ಟಿ ಓಡಿಬಂತು. ಹಿಂದೆ ಪ್ರೇಮಲತಾ. ಬಗ್ಗಿ ಮಗುವನ್ನು ಎತ್ತಿಕೊಳ್ಳುವಾಗ ರಂಗಕ್ಕನ ಕಣ್ಣಿಗೆ ಬಿದ್ದದ್ದು ಆ ಕಾಲು. ಬಸ್ ಇಳಿದು ಜಲ್ಲಿ ರಸ್ತೆಯಲ್ಲಿ ನಡೆದು ಕೆಂಪಾದ, ಧೂಳು ಮೆತ್ತಿದ ಬರಿಯ ಕಾಲು.

"ಕಿತ್ತೋದ್ವಾ ಮೇಡಮ್ಮ?"

"ಇಲ್ಲ ರಂಗಕ್ಕ."

ಅಷ್ಟೇ ಹೇಳಿ ಅವಳು ಒಳಗೆ ಹೋದಳು. ರಂಗಕ್ಕ ಹಾಲಿನ ಲೋಟ ಕೈಯಲ್ಲೇ ಹಿಡಿದು ನಿಂತಳು. ಮಕ್ಕಳು ಜಡೆ ಬದಲಿಸುವುದು ಬೇರೆ. ಮೂವತ್ತು ವರ್ಷದ ತಾಯಿ ಬೇಸಿಗೆ ಬಾಗಿಲಲ್ಲಿ ಬರಿಗಾಲಲ್ಲಿ ಬರುವುದಕ್ಕೆ ಈ ಸೀಮೆಯಲ್ಲಿ ಇರುವುದು ಒಂದೇ ಅರ್ಥ. ಬಸ್ಸಿನ ಕಂಡಕ್ಟರ್ ತಿಪ್ಪೇರುದ್ರಪ್ಪನಿಗೂ ಅದೇ ಅರ್ಥ ಹೊಳೆದಿತ್ತು. ಎದ್ದು ತನ್ನ ಸೀಟನ್ನೇ ಬಿಟ್ಟುಕೊಟ್ಟಿದ್ದ.

ಮಂಗಳವಾರವೂ ಅದೇ ಬರಿಗಾಲು. ಮಧ್ಯಾಹ್ನ ಮಗುವಿಗೆ ಉಣ್ಣಿಸಲು ಪ್ರೇಮಲತಾ ಅಡುಗೆಮನೆಗೆ ಬಂದಾಗ ರಂಗಕ್ಕ ಬಾಗಿಲು ಓರೆ ಮಾಡಿ ದನಿ ತಗ್ಗಿಸಿದಳು.

"ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಪುಟ್ಟಿ ಸಲುವಾಗೇನವ್ವ?"

ಪ್ರೇಮಲತಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಮಗುವನ್ನು ನೋಡಿದಳು. ಆಮೇಲೆ ತಲೆಯಾಡಿಸಿದಳು.

ರಂಗಕ್ಕ ಮತ್ತೇನೂ ಕೇಳಲಿಲ್ಲ. ಕೇಳಬಾರದು. ಹೆಬ್ಬೆರಳಿಂದ ಮಗುವಿನ ಬಾಯಿ ಒರೆಸಿ, "ಆಗ್ತೈತೆ ಬಂಗಾರು ತಲ್ಲೀ, ಆಗ್ತೈತೆ" ಎಂದಳು. ಆ ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ಹಳ್ಳದ ದಂಡೆಗೆ ನಡೆದು, ಅಮ್ಮನ ಕಲ್ಲಿನ ಮುಂದೆ ನೀಲಿ ಚಪ್ಪಲಿ ಬಿಚ್ಚಿಟ್ಟು ನಿಂತಳು. ಅಮಾವಾಸ್ಯೆವರೆಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ತಾಯಿ ಒಬ್ಬಳೇ ಯಾಕೆ ಹೊರಬೇಕು?

ರಾಯದುರ್ಗದ ಕಡೆ ಇದ್ದ ಯರ್ರಪ್ಪನಿಗೆ ಫೋನು ಮಾಡಿದಳು. ಅತ್ತ ಕುರಿಗಳ ಗದ್ದಲ.

"ಸಕ್ಕರೆ ಕಾಯಿಲೆ ಕಾಲು ಕಣೇ, ಬುದ್ಧಿ ಐತಾ ನಿಂಗೆ?"

"ಕೂಸಿಗೆ ಕಣಯ್ಯ. ಆವತ್ತು ನೀನು ಎಕ್ಕಡ ಎಸೀಲಿಲ್ವಾ?"

ಅವನು ಯಾವುದೋ ಕುರಿಯನ್ನು ಗದರಿ, "ಮಾರುತೇಶಂಗೆ ಹೇಳ್ಬ್ಯಾಡ, ಕುಣೀತಾನೆ" ಎಂದ.

ಬುಧವಾರ ರಂಗಕ್ಕ ಬರಿಗಾಲಲ್ಲಿ ಹಾಲು ಹಂಚಿದಳು. ಪ್ರೇಮಲತಾ ಮಗುವನ್ನು ಕೊಡಲು ಬಂದವಳು ಅವಳ ಕಾಲನ್ನು ನೋಡಿ ಗಕ್ಕನೆ ನಿಂತಳು. ಏನೋ ಹೇಳಲು ಬಾಯಿ ತೆರೆದಳು. ರಂಗಕ್ಕ ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡ ಎಂದು ಸನ್ನೆ ಮಾಡಿದಳು. ಅವಳ ಮುಖದಲ್ಲಿ ಇಬ್ಬರಿಗೇ ಗೊತ್ತಿರುವ ಗುಟ್ಟಿನ ಸುಖವಿತ್ತು. ಗಂಟೆ ಹೊಡೆಯಿತು. ಪ್ರೇಮಲತಾ ತರಗತಿಗೆ ಹೋದಳು.

ಗುರುವಾರ ಅನ್ನ ಬಸಿಯುವಾಗ ಕುದಿಯುವ ಗಂಜಿ ರಂಗಕ್ಕನ ಎಡಗಾಲಿನ ಬೆರಳುಗಳ ಮೇಲೆ ಚೆಲ್ಲಿತು. ಅವಳಿಗೆ ಅಷ್ಟೇನೂ ಉರಿಯಲಿಲ್ಲ; ಉರಿಯದಿರುವುದೇ ಕೆಟ್ಟದ್ದು ಎಂದು ಡಾಕ್ಟರು ಹೇಳಿದ್ದು ನೆನಪಾದರೂ ತಣ್ಣೀರು ಸುರಿದುಕೊಂಡು ಕೆಲಸಕ್ಕಿಳಿದಳು. ಶುಕ್ರವಾರದ ಹೊತ್ತಿಗೆ ಗುಳ್ಳೆ ಒಡೆದು ಅದಕ್ಕೆ ಮಣ್ಣು ಮೆತ್ತಿತ್ತು. ಕುಂಟುತ್ತಿದ್ದುದನ್ನು ಕಂಡು ಪ್ರೇಮಲತಾ ಓಡಿಬಂದಳು.

"ರಂಗಕ್ಕ, ಚಪ್ಪಲಿ ಹಾಕ್ಕೊಳ್ಳಿ. ದಯವಿಟ್ಟು. ನಾಳೆ ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ನಾಳೆ ಆಡೋಣ. ನಡಿ, ಹುಡುಗ್ರು ಕಾಯ್ತವೆ."

ಶನಿವಾರ ಬೆಳಗಿನ ಶಾಲೆ. ಬಿಸಿಬೇಳೆಬಾತ್ ಒಲೆಯ ಮೇಲಿತ್ತು. ಒಂಬತ್ತನೇ ತರಗತಿಯವರು ಹಜಾರದಲ್ಲಿ ಚಾರ್ಟ್ ತೂಗುಹಾಕಿ ಎಲ್ಲರನ್ನೂ ಕರೆದಿದ್ದರು. ಮುಖ್ಯ ಶಿಕ್ಷಕರು ಕುರ್ಚಿಯಲ್ಲಿ ಕೂತರು. "ರಂಗಕ್ಕ, ನೀವೂ ಬರ್ಲೇಬೇಕು" ಎಂದು ಚಿರಂಜೀವಿ ಕೈ ಹಿಡಿದು ಎಳೆದುಕೊಂಡು ಬಂದ. ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ರಂಗಕ್ಕ ಬಾಗಿಲ ಹತ್ತಿರ ಕೂತಳು. ಪ್ರೇಮಲತಾ ಅವಳನ್ನು ನೋಡಿ ಮುಂದೆ ಬರಲು ಹೊರಟಳು. ಅಷ್ಟರಲ್ಲಿ ಮುಖ್ಯ ಶಿಕ್ಷಕರು "ಶುರು ಮಾಡ್ರಮ್ಮ, ಹನ್ನೊಂದೂವರೆಗೆ ಬಸ್ಸು" ಎಂದರು.

ಮಂಜಮ್ಮ ಓದಿದಳು. ಮೊದಲು ತನ್ನದು: ಒಂದು ಜಡೆ; ಬೈದವರು ನಾಲ್ಕು, ನಕ್ಕವರು ಲೆಕ್ಕವಿಲ್ಲ, ಅನುಸರಿಸಿದವರು ಐದು ಹುಡುಗಿಯರು. ಚಪ್ಪಾಳೆ. ಚಿರಂಜೀವಿಯದು: ಬಿಸಿಲಲ್ಲಿ ನಿಲ್ಲಿಸಿದವರು ಒಬ್ಬರು. ಮುರುಗೇಶ್ ಮೇಷ್ಟ್ರು ತಲೆ ಕೆರೆದುಕೊಂಡು ನಕ್ಕರು. ಓ, ಇದಾ ಹುಡುಗರ ಹುಚ್ಚು, ಎಂದು ರಂಗಕ್ಕನೂ ನಕ್ಕಳು.

"ಪ್ರೇಮಲತಾ ಮೇಡಂ" ಎಂದು ಮಂಜಮ್ಮ ದನಿ ಏರಿಸಿದಳು. "ಬದಲಾವಣೆ: ಬರಿಗಾಲು. ನಕ್ಕವರು: ಇಲ್ಲ. ಬೈದವರು: ಇಲ್ಲ. ಹರಕೆಯೇ ಎಂದು ಕೇಳಿದವರು: ಹನ್ನೊಂದು ಜನ. ಅನುಸರಿಸಿದವರು: ಒಬ್ಬರು. ನಮ್ಮ ಅಡುಗೆಯ ರಂಗಕ್ಕನವರು, ಮೂರನೇ ದಿನದಿಂದ."

ಮಕ್ಕಳೆಲ್ಲ ಬಹುಮಾನ ಬಂದವರ ಕಡೆ ತಿರುಗಿದಂತೆ ಅವಳ ಕಡೆ ತಿರುಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಪುಟ್ಟಿಯೂ ತಟ್ಟಿತು.

ರಂಗಕ್ಕ ಚಪ್ಪಾಳೆ ನಿಲ್ಲುವವರೆಗೆ ಕಾದಳು. "ಅನುಸರಿಸೋದು ಅಂದ್ರೆ ಏನೇ ಮಂಜಿ?"

"ಒಬ್ರು ಮಾಡಿದ್ನ ನೋಡಿ ಇನ್ನೊಬ್ರು ಅದನ್ನೇ ಮಾಡೋದು ರಂಗಕ್ಕ."

"ಕುರಿ ಥರ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಜಾರ ನಗೆಯಲ್ಲಿ ತೇಲಿತು. ಕೂಗಿದ ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಕ್ಕವರ ಮನಸ್ಸಿನಲ್ಲೂ ಇರಲಿಲ್ಲ.

ರಂಗಕ್ಕ ಪ್ರೇಮಲತಾಳನ್ನು ನೋಡಿದಳು. ಅವಳು ಚಾರ್ಟಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನೋಡಿದ್ದು ಒಂದು ಗಳಿಗೆ. ಆಮೇಲೆ ಮಗುವನ್ನು ಮೆಲ್ಲಗೆ ಇಳಿಸಿ, "ಬಾತು ತಳ ಹತ್ತತೈತೆ" ಎಂದು ಎದ್ದುಹೋದಳು.

ಮಕ್ಕಳು ಉಂಡು, ತಟ್ಟೆ ತೊಳೆದು, ಮನೆಗೆ ಓಡುವವರೆಗೆ ಪ್ರೇಮಲತಾ ಅಡುಗೆಮನೆಯ ಕಡೆ ಬರಲಿಲ್ಲ. ಬಂದಾಗ ರಂಗಕ್ಕ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ತೂರಿಸಿ ಉಜ್ಜುತ್ತಿದ್ದಳು.

"ರಂಗಕ್ಕ, ನಿಮಗೆ ಮೊದಲೇ ಹೇಳ್ಬೇಕಿತ್ತು. ಯಾರಿಗೂ ಹೇಳ್ಬಾರ್ದು ಅಂತ ಮಕ್ಕಳಿಗೆ ನಾನೇ ಕಟ್ಟು ಹಾಕಿದ್ದೆ."

ಉಜ್ಜುವ ಸದ್ದು ನಿಂತಿತು. "ಹೇಳ್ಬಾರ್ದು ಅಂದ್ರೆ ಸುಮ್ನಿರ್ಬೇಕಿತ್ತು. ತಲೆ ಯಾಕೆ ಆಡ್ಸಿದೆ?"

"ನೀವು ಪುಟ್ಟಿ ಹೆಸರು ತಗೊಂಡ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಬುಧವಾರ ನನ್ ಕಾಲು ನೋಡಿದ್ಯಲ್ಲ. ನೋಡಿ ಒಳಗೋದೆ. ಹೋಗಿ ಏನ್ಮಾಡ್ದೆ?"

ಪ್ರೇಮಲತಾ ಕೈಯಲ್ಲಿದ್ದ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದಳು.

"ಬರ್ಕೊಂಡ್ಯಾ?"

"ಬರ್ಕೊಂಡೆ."

ರಂಗಕ್ಕ ಪಾತ್ರೆಯಿಂದ ಹೊರಬಂದು ಗೋಡೆಗೆ ಒರಗಿ ಕೂತಳು. ಮೊಳಕೈವರೆಗೂ ಬೂದಿ. "ನಾನು ನಿನ್ನ ನೋಡಿ ಮಾಡ್ಲಿಲ್ಲ ಕಣವ್ವ. ಅದನ್ನಾದ್ರೂ ಅಳ್ಸಿ ಬರಿ. ಮಗೀನ ನೋಡಿ ಮಾಡಿದ್ದು."

"ನನ್ನ ತಪ್ಪು ರಂಗಕ್ಕ. ಇವತ್ತಿಂದ ನಾನು ನಿಜವಾಗ್ಲೂ ಚಪ್ಪಲಿ ಬಿಡ್ತೀನಿ. ಬೇಕಾದ್ರೆ ಯುಗಾದಿವರೆಗೆ. ನೀವು ಮಾತ್ರ ಚಪ್ಪಲಿ ಹಾಕ್ಕೊಳ್ಳಿ, ಆ ಕಾಲು ನೋಡೋಕಾಗ್ತಿಲ್ಲ."

"ಈಗ ಬಿಟ್ರೆ ನನ್ನ ಸಮಾಧಾನಕ್ಕೆ ಬಿಟ್ಟಂಗಾಗ್ತೈತೆ. ಅಮ್ಮಂಗೆ ಅದ್ರಲ್ಲೇನೈತೆ? ಬಸ್ ಬಂತು, ಹೋಗ್ರಿ."

ಸಂಜೆ ಅವಳು ಹಳ್ಳದ ದಂಡೆಗೆ ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು? ಜೊತೆಗೆ ಹೊತ್ತಿದ್ದೇನೆ ಎಂದು ಅಮ್ಮನಿಗೆ ಮಾತು ಕೊಟ್ಟಾಗ ಆ ಇನ್ನೊಂದು ಹೆಗಲು ಅಲ್ಲಿ ಇರಲೇ ಇಲ್ಲ. ಯಾರೋ ಸುಳ್ಳು ಹೇಳಿದ್ದಾದರೆ ಮರೆಯಬಹುದು. ತನ್ನಿಂದಲೇ ಅಮ್ಮನಿಗೆ ಸುಳ್ಳು ಹೇಳಿಸಿದಂತಾಯಿತಲ್ಲ, ಅದು ಅವಳಿಗೆ ನುಂಗಲಾಗಲಿಲ್ಲ. ಆದರೂ ಚಪ್ಪಲಿ ಮೆಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಮಾರುತೇಶ ಬಂದವನು ಬಾಗಿಲಲ್ಲೇ ನಿಂತು ಅವ್ವನ ಕಾಲು ನೋಡಿದ. ಊದಿ, ಬೆರಳ ಸಂದಿ ಕಪ್ಪಗಾಗಿತ್ತು. ಅವನು ಅವಳನ್ನು ಹಾಗೇ ಆಟೋದಲ್ಲಿ ಕೂರಿಸಿಕೊಂಡು ಚಳ್ಳಕೆರೆಯ ದವಾಖಾನೆಗೆ ಕರೆದೊಯ್ದ. ಡಾಕ್ಟರು ಸತ್ತ ಚರ್ಮ ಕತ್ತರಿಸಿ ತೆಗೆದರು. ಕತ್ತರಿಸುವುದೂ ಅವಳಿಗೆ ನೋಯಲಿಲ್ಲ.

"ಇನ್ನೆರಡು ದಿನ ಬಿಟ್ಟಿದ್ರೆ ಬೆರಳು ತೆಗೀಬೇಕಾಗಿತ್ತು" ಎಂದರು ಡಾಕ್ಟರು. "ಬರಿಗಾಲಲ್ಲಿ ಯಾಕಮ್ಮ ಓಡಾಡಿದ್ರಿ? ಹರಕೆನಾ?"

ರಂಗಕ್ಕ ತಲೆಯಾಡಿಸಲು ಹೋಗಿ ತಡೆದಳು. ತಲೆಯಾಡಿಸಿದರೆ ಮಗ ಯಾವ ಹರಕೆ, ಯಾರಿಗೆ ಎಂದು ಬಿಡಿಸಿ ಬಿಡಿಸಿ ಕೇಳುತ್ತಾನೆ. ಸೋಮವಾರ ಶಾಲೆಗೆ ಬಂದು ಮುಖ್ಯ ಶಿಕ್ಷಕರ ಮೇಜು ಗುದ್ದುತ್ತಾನೆ. ಅತಿಥಿ ಶಿಕ್ಷಕಿಯನ್ನು ಬರುವ ವರ್ಷ ಕರೆಯದಿರಲು ಅಷ್ಟು ಸಾಕು. ಅವಳು ಹೋದರೆ ಗೋಣಿಚೀಲದ ಮೇಲೆ ಕೂರುವ ಮಗುವೂ ಹೋಗುತ್ತದೆ.

"ಹರಕೆ ಗಿರಕೆ ಏನಿಲ್ಲ ಸಾ" ಎಂದಳು. "ಚಪ್ಪಲಿ ನಾಯಿ ಎತ್ಕೊಂಡೋಗಿತ್ತು."

ಮಾರುತೇಶ ಅನುಮಾನದಿಂದ ನೋಡಿದ. "ಎರಡು ಜೊತೇನೂನಾ?"

"ಎರಡ್ನೂ."

ಪಟ್ಟಿ ಕಟ್ಟಿದ ಕಾಲಿಗೆ ಅವನೇ ಬಗ್ಗಿ ಹೊಸ ಚಪ್ಪಲಿ ತೊಡಿಸಿದ. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು. ರಂಗಕ್ಕ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನು ಮಗು ಮಾತು ಕಲಿಯುವುದು ತಡವಾದರೆ, ಅದು ಪ್ರೇಮಲತಾಳ ಆ ಸುಳ್ಳಿನಿಂದಲೋ, ತನ್ನ ಈ ಚಪ್ಪಲಿಯಿಂದಲೋ ಎಂದು ದಿನಾ ಕೇಳಿಕೊಳ್ಳಬೇಕಾಗುತ್ತದೆ.

ವಾಪಸು ಬರುವಾಗ ಮಾರುತೇಶ ಆಟೋ ನಿಧಾನವಾಗಿ ಓಡಿಸಿದ. ನನ್ನಿವಾಳದ ತಿರುವು ದಾಟಿದ ಮೇಲೆ ಸುಮ್ಮನಿರಲಾರದೆ ಮಾತು ತೆಗೆದ.

"ಆ ಟೀಚರಮ್ಮ ಇನ್ನೂ ಮಗೀನ ನಿನ್ನತ್ರನೇ ಬಿಡ್ತಾರೇನವ್ವ? ಹದಿನೈದು ದಿನ ರೆಸ್ಟು ಅಂದವ್ರಲ್ಲ ಡಾಕ್ಟ್ರು."

"ನಾಳೆ ಹೋಗ್ತೀನಿ. ಕೂತ್ಕೊಂಡು ನೋಡ್ಕೊಳ್ಳೋಕೆ ಕಾಲು ಯಾಕೆ ಬೇಕು?"

"ಒಳ್ಳೇರೇನು ಅವ್ರು?"

ರಸ್ತೆ ಪಕ್ಕದಲ್ಲಿ ಯಾರದೋ ಕುರಿಮಂದೆ ಅಡ್ಡ ಬಂತು. ಮಾರುತೇಶ ಹಾರ್ನ್ ಒತ್ತಿ ಕಾದ. ಕುರಿಗಳೆಲ್ಲ ದಾಟುವವರೆಗೆ ರಂಗಕ್ಕ ಆಚೆ ನೋಡುತ್ತಿದ್ದಳು.

"ಮಗು ಒಳ್ಳೇದು ಕಣಪ್ಪ" ಎಂದಳು.